ಹುಲಿಯ ಕಡೆ ಕೂತಿದ್ದು ನಮ್ಮ ದೊಡ್ಡವ್ವ

ದೊಡ್ಡ ಹುಲಿಯನ್ನು ನಾನು ಬರೆದಿಲ್ಲ. ಅದು ಕಂಪ್ಯೂಟರೂ ಅಲ್ಲ, ಪ್ರೋಗ್ರಾಮೂ ಅಲ್ಲ. ಇಷ್ಟು ವರ್ಷ ದಿನಾ ಸಂಜೆ ಏಳರಿಂದ ಎಂಟರವರೆಗೆ ನಮ್ಮ ಫೋನಿನ ಆಟದಲ್ಲಿ ನಿಮ್ಮ ಕುರಿಗಳನ್ನು ಒಂದೊಂದಾಗಿ ತಿಂದು, ಕೊನೆಯ ಆಟವನ್ನು ಮಾತ್ರ ಬೇಕೆಂದೇ ಸೋತು, ಆಮೇಲೆ 'ಉಂಡ್ಯಾ?' ಎಂದು ಕೇಳುತ್ತಿದ್ದದ್ದು ಸಿರುಗುಪ್ಪ ತಾಲ್ಲೂಕಿನ ದೇಶನೂರಿನ ಒಬ್ಬ ಹೆಂಗಸು — ನನ್ನ ತಾಯಿಯ ಅಕ್ಕ, ನಮ್ಮ ದೊಡ್ಡವ್ವ ಈರಮ್ಮ. ನಿಮ್ಮ ಜೊತೆ ಆಡುತ್ತಿದ್ದೇನೆ ಎಂಬುದು ಆಕೆಗೂ ಗೊತ್ತಿರಲಿಲ್ಲ. ನನ್ನ ಜೊತೆ ಆಡುತ್ತಿದ್ದೇನೆ ಎಂದೇ ಆಕೆ ನಂಬಿದ್ದಳು. ನಿಮಗೆ ಹೇಳಿದ ಸುಳ್ಳಿಗೆ ನೀವು ನನ್ನನ್ನು ಬೈಯಬಹುದು, ಬೈಯಿರಿ. ಆಕೆಗೆ ಹೇಳಿದ ಸುಳ್ಳು — ಅದನ್ನು ಹೇಳಿಕೊಳ್ಳಲಿಕ್ಕೇ ಇಷ್ಟು ವರ್ಷ ಬೇಕಾಯಿತು.

ಈಚೆಗೆ ನನಗೊಂದು ಕೆಲಸ ಬಿತ್ತು. ಕಂಪನಿಯ ಅಂತರ್ಜಾಲ ಪುಟಕ್ಕೆ 'ನಾವು ಬೆಳೆದು ಬಂದ ದಾರಿ' ಎಂದು ನಮ್ಮ ಚರಿತ್ರೆ ಬರೆಯಬೇಕಿತ್ತು. ನನಗೇನು ಕಷ್ಟ? ಮಾತು ಜಾಸ್ತಿಯಾಯಿತು ಎಂದು ಒಂದನೇ ತರಗತಿಯಿಂದಲೇ ಬೈಸಿಕೊಂಡವನು ನಾನು. ಸರಸರ ಬರೆದೆ. ದೊಡ್ಡ ಹುಲಿ ಹುಟ್ಟಿದ್ದು ಹೇಗೆ ಎಂಬಲ್ಲಿಗೆ ಬಂದಾಗ ಕೈ ನಿಂತಿತು. ಅದೇ ವಾರ ದೇಶನೂರಿನಿಂದ ಒಂದು ಫೋನ್ ಬಂತು, ಅದನ್ನು ಮುಂದೆ ಹೇಳುತ್ತೇನೆ. ಆ ಚರಿತ್ರೆಯ ಜಾಗದಲ್ಲಿ ಈಗ ಇದನ್ನು ಬರೆಯುತ್ತಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ — ಆ ದಿನಗಳನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ತಪ್ಪು ಮಾಡಿದವನಿಗೆ ಅಷ್ಟು ಖುಷಿ ಇರಬಾರದು, ಗೊತ್ತು. ಆದರೆ ಇತ್ತು.

ಶುರುವಿನಲ್ಲಿ ನಾವು ಇಬ್ಬರೇ. ಕಂಪ್ಯೂಟರ್ ಕಲಿತ ಎರ್ರಿಸ್ವಾಮಿ ಎಂಬ ನಾನು. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಆಟೋಗಳ ಹಿಂದೆ ಹುಲಿ, ಗಿಳಿ, ತಾಜಮಹಲು ಬರೆಯುತ್ತಿದ್ದ ನನ್ನ ಗೆಳೆಯ ಖಾಜಾ. ಒಂದು ದಿನ ಕುರುಗೋಡಿನಲ್ಲಿ ಅವನಿಗೆ ಅಂಗಡಿಯ ಬೋರ್ಡು ಬರೆಯುವ ಕೆಲಸ ಸಿಕ್ಕಿತ್ತು. ಸುಮ್ಮನೆ ನಾನೂ ಬೈಕ್ ಹತ್ತಿದೆ. ಬಣ್ಣ ಒಣಗಲೆಂದು ಹಳೆಯ ಗುಡಿಯೊಂದರ ಮಂಟಪದ ನೆರಳಿನಲ್ಲಿ ಕೂತೆವು. ಅಲ್ಲಿ ಕಲ್ಲುಹಾಸಿನ ಮೇಲೆ ಯಾವ ಕಾಲದಲ್ಲೋ ಯಾರೋ ಕೊರೆದ ಗೆರೆಗಳಿದ್ದವು — ಹುಲಿ-ಕುರಿ ಆಟದ ಮನೆ. ಇಬ್ಬರು ಹಿರಿಯರು ಆಡುತ್ತಿದ್ದರು. ಒಬ್ಬರದು ಮೂರು ಹುಲಿ, ಇನ್ನೊಬ್ಬರದು ಹದಿನೈದು ಕುರಿ. ಹುಲಿ ಕುರಿಯನ್ನು ಹಾರಿ ತಿನ್ನಬೇಕು. ಕುರಿಗಳು ಸೇರಿಕೊಂಡು ಹುಲಿಗೆ ಅಲುಗಾಡಲು ಜಾಗವಿಲ್ಲದಂತೆ ಕಟ್ಟಿಹಾಕಬೇಕು. ಆಡುವವರು ಇಬ್ಬರು, ಬುದ್ಧಿ ಹೇಳುವವರು ಹತ್ತು ಜನ! ಒಬ್ಬ 'ಅಲ್ಲಿಡು' ಎಂದರೆ ಇನ್ನೊಬ್ಬ 'ಇಟ್ಟರೆ ಕೆಟ್ಟೆ' ಎನ್ನುತ್ತಿದ್ದ. ಖಾಜಾ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಇದನ್ನು ಫೋನಿಗೆ ತಂದರೆ? ಬಳ್ಳಾರಿಯವರೆಗೂ ಬೈಕಿನ ಮೇಲೆ ಕೂಗಾಡಿಕೊಂಡೇ ಬಂದೆವು. ಎದುರು ಗಾಳಿಗೆ ಅರ್ಧ ಮಾತು ಹಾರಿಹೋಗುತ್ತಿತ್ತು, ಆದರೂ ಎಲ್ಲ ತಿಳಿಯುತ್ತಿತ್ತು.

ಕೌಲ್ ಬಜಾರಿನ ಪಂಕ್ಚರ್ ಅಂಗಡಿಯೊಂದರ ಮೇಲಿನ ಕೋಣೆ ನಮ್ಮ ಆಫೀಸಾಯಿತು. ಕೆಳಗೆ ಗಾಳಿ ತುಂಬುವ ಯಂತ್ರ ಶುರುವಾದರೆ ಮೇಲೆ ನಮ್ಮ ಮೇಜು ಗಡಗಡ ನಡುಗುತ್ತಿತ್ತು. ಖಾಜಾ ಕುರುಗೋಡಿನ ಆ ಗೆರೆಗಳನ್ನೇ ನೋಡಿಕೊಂಡು ಮನೆ ಬರೆದ. ಆಟೋ ಹಿಂದಿನ ಹುಲಿಯೇ ಇಳಿದು ಬಂದು ಫೋನಿನಲ್ಲಿ ಕೂತ ಹಾಗಿತ್ತು ಅವನ ಹುಲಿ. ಕಂಪನಿಗೆ 'ಕಲ್ಲಾಟ' ಎಂದು ಹೆಸರಿಟ್ಟೆವು. ಎಲ್ಲ ಸರಿಯಾಗಿತ್ತು — ನನ್ನ ಕೆಲಸ ಒಂದನ್ನು ಬಿಟ್ಟು. ಹುಲಿಗೆ ಬುದ್ಧಿ ಬರೆಯಬೇಕಾದವನು ನಾನು. ಬರೆದೆ, ಅಳಿಸಿದೆ, ಮತ್ತೆ ಬರೆದೆ. ಒಂದೋ ಅದು ಲೆಕ್ಕದ ಮೇಷ್ಟ್ರ ಹಾಗೆ ಒಂದೂ ತಪ್ಪದೆ ಆಡಿ ಬೇಸರ ಹುಟ್ಟಿಸುತ್ತಿತ್ತು, ಇಲ್ಲವೇ ಪೆದ್ದನ ಹಾಗೆ ತಾನೇ ಹೋಗಿ ಕಟ್ಟಿಹಾಕಿಸಿಕೊಳ್ಳುತ್ತಿತ್ತು. ಪರಿಚಯದವರಿಗೆ ಕೊಟ್ಟರೆ ಎರಡು ಆಟ ಆಡಿ ಫೋನ್ ಕೆಳಗಿಡುತ್ತಿದ್ದರು. ಖಾಜಾ ಒಂದು ದಿನ ಬೇಸತ್ತು ಹೇಳಿಯೇಬಿಟ್ಟ: "ಲೇ ಎರ್ರಿ, ನಾ ಹುಲಿ ಬರೆದು ಕೊಟ್ಟೀನಿ, ನೀ ಅದನ್ನ ಬೆಕ್ಕು ಮಾಡೀಯಲ್ಲೋ."

ಉರಿದುಹೋಯಿತು ನನಗೆ. ಅವನು ಹೇಳಿದ್ದು ನಿಜವಾಗಿದ್ದಕ್ಕೇ ಅಷ್ಟು ಉರಿ.

ಆಗ ನೆನಪಾದವಳು ದೊಡ್ಡವ್ವ. ಬೇಸಿಗೆ ರಜೆಗೆ ದೇಶನೂರಿಗೆ ಹೋದಾಗಲೆಲ್ಲ ನನಗೆ ಈ ಆಟ ಕಲಿಸಿದವಳೇ ಆಕೆ. ಕಟ್ಟೆಯ ಮೇಲೆ ಇದ್ದಿಲಿನಿಂದ ಮನೆ ಬರೆದು, ಹುಣಸೆಬೀಜ ಕುರಿ ಮಾಡಿ, ಬೆಣಚುಕಲ್ಲು ಹುಲಿ ಮಾಡಿ ಆಡಿಸುತ್ತಿದ್ದಳು. ತುಂಬಿದ ಮನೆ ಆಕೆಯದು — ಇಬ್ಬರು ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು, ಭತ್ತದ ನಾಟಿ ಬಂತೆಂದರೆ ಆಳುಗಳ ದಂಡು. ಬದುವಿನ ಮೇಲೆ ನಿಂತು ಆಕೆ ಕೂಗಿದರೆ ಪಕ್ಕದ ಗದ್ದೆಯವರೂ ಬಗ್ಗಿ ನಾಟಿ ಶುರುಮಾಡುತ್ತಿದ್ದರು ಎಂದು ನಮ್ಮಲ್ಲಿ ನಗೆಯ ಮಾತು. ಅಂಥಾಕೆ ಆಟಕ್ಕೆ ಕೂತರೆ ಯಾರನ್ನೂ ಬಿಡುತ್ತಿರಲಿಲ್ಲ. ಸತತವಾಗಿ ಗೆಲ್ಲುತ್ತಿದ್ದಳು, ಗೆದ್ದು ಅಣಕಿಸುತ್ತಿದ್ದಳು. ಆದರೆ ಏಳುವ ಹೊತ್ತಿಗೆ ಕೊನೆಯ ಆಟ ಮಾತ್ರ ನಮಗೇ. ಸಣ್ಣವರನ್ನು ಸೋಲಿಸಿ ಎಬ್ಬಿಸಬಾರದು, ಸೋತ ಮುಖ ಹೊತ್ತು ಹೋದವರಿಗೆ ಅನ್ನ ರುಚಿಸುವುದಿಲ್ಲ — ಇದು ಅವರ ಮನೆಯ ಪದ್ಧತಿ, ಆಕೆಯ ಅತ್ತೆಯಿಂದ ಬಂದದ್ದಂತೆ.

ಫೋನಿನಿಂದ ಫೋನಿಗೆ ಆಟ ಸರಿಯಾಗಿ ಹೋಗುತ್ತದೆಯೇ ನೋಡಬೇಕಿತ್ತು. ದೇಶನೂರಿಗೆ ಹೋಗಿ ಆಕೆಯ ಫೋನಿಗೆ ಆಟ ಹಾಕಿ, ದಿನಾ ಏಳಕ್ಕೆ ನಾನು ಆಡುತ್ತೇನೆ ಎಂದು ಹೇಳಿ ಬಂದೆ. ಮೊದಲ ಸಂಜೆ ಕೌಲ್ ಬಜಾರಿನಲ್ಲಿ ನಾನು, ದೇಶನೂರಿನಲ್ಲಿ ಆಕೆ. ಏನು ಹೇಳಲಿ! ಹುಲಿ ಸುಮ್ಮನೆ ಮೂಲೆಗೆ ಹೋಗಿ ಕೂರುತ್ತದೆ, ನಾನು 'ಸಿಕ್ಕಿತು' ಎಂದು ಕುರಿ ಮುಂದಿಡುತ್ತೇನೆ — ಎರಡು ನಡೆ ಆದ ಮೇಲೆ ಗೊತ್ತಾಗುತ್ತದೆ, ಸಿಕ್ಕಿಬಿದ್ದವನು ನಾನು. ನಾನು ಕಿರುಚಿದ್ದಕ್ಕೆ ಕರೆಂಟ್ ಹೊಡೆಯಿತೆಂದು ಖಾಜಾ ಓಡಿಬಂದ, ಆಡುತ್ತಿರುವುದು ಯಾರ ಜೊತೆ ಎಂದು ಮಾತ್ರ ಅವನಿಗೆ ಹೇಳಲಿಲ್ಲ. ವಾರವೆಲ್ಲ ಹೀಗೇ ಆಡಿದೆವು. ಅದೊಂದು ವಾರ, ಅಷ್ಟೇ, ನಾನು ನಿಜವಾಗಿ ಆಕೆಯ ಜೊತೆ ಆಡಿದ್ದು.

ಎಂಟನೆಯ ದಿನ ನನಗೆ ಬೇರೆ ಕೆಲಸ ಬಂತು. ನನ್ನ ಜಾಗಕ್ಕೆ, ಆಟ ಪರೀಕ್ಷಿಸುತ್ತಿದ್ದ ಪರಿಚಯದವರೊಬ್ಬರನ್ನು ಜೋಡಿಸಿದೆ. ಒಂದೇ ಆಟಕ್ಕೆ — ಒಂದೇ ಆಟ ಎಂದುಕೊಂಡೆ. ಎಂಟು ಗಂಟೆಗೆ ಅವರ ಫೋನ್ ಬಂತು. ಇದು ಮೊದಲಿನ ಹುಲಿಯಲ್ಲ, ಇದಕ್ಕೆ ಜೀವ ಇದೆ, ಇದನ್ನು ಹೇಗೆ ಮಾಡಿದಿರಿ ಎಂದು ಅವರು ಒಂದೇ ಉಸಿರಿನಲ್ಲಿ ಕೇಳುತ್ತಿದ್ದರು. ನಾನು ಇಲ್ಲ ಎನ್ನಲಿಲ್ಲ. ಮರುದಿನ ಖಾಜಾನಿಗೂ, ಹೊಸ ಹುಲಿ ಬರೆದೆ ಎಂದುಬಿಟ್ಟೆ. ಅವನು ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದ. ಹೊಸ ಹುಲಿಗೆ ಹೊಸ ಮುಖ ಬೇಕು, ಇದರ ಸ್ವಭಾವ ಹೇಳು ಎಂದ. ಬೈಯುತ್ತದೆ, ಆದರೆ ಅಂತಃಕರಣ ಜಾಸ್ತಿ ಎಂದೆ. ಅಷ್ಟರ ಮೇಲೆ ಅವನು ನರೆತ ಮೀಸೆಯ, ಅರ್ಧ ಕಣ್ಣು ಮುಚ್ಚಿ ನಗುವ ಹುಲಿ ಬರೆದ. ನೀವೆಲ್ಲ ಅಂಗಿಗಳ ಮೇಲೆ ಹಾಕಿಸಿಕೊಂಡಿರಿ ನೋಡಿ, ಅದೇ.

ಒಬ್ಬ ದೊಡ್ಡವ್ವ ಊರೆಲ್ಲರ ಜೊತೆ ಆಡುವುದು ಹೇಗೆ? ಅದಕ್ಕೂ ಉಪಾಯ ಹೂಡಿದೆ. ದಿನವೆಲ್ಲ ಬೆಕ್ಕಿನಂಥ ನನ್ನ ಹುಲಿ, ಸಂಜೆ ಒಂದು ತಾಸು ಮಾತ್ರ 'ದೊಡ್ಡ ಹುಲಿ'. ಅದಕ್ಕೆ ಭಾರಿ ಯಂತ್ರ ಬೇಕು, ಒಂದು ಸಲಕ್ಕೆ ಒಬ್ಬರೇ ಆಡಬಹುದು ಎಂದು ಕತೆ ಕಟ್ಟಿದೆ. ಸಿಗದ ವಸ್ತುವಿಗೇ ಅಲ್ಲವೇ ಜನ ಬೀಳುವುದು? ಏಳು ಗಂಟೆಗೆ ಸಾಲು ಹಚ್ಚತೊಡಗಿದರು. ಹುಬ್ಬಳ್ಳಿಯವರು, ಮೈಸೂರಿನವರು, ಗಡಿಯಾಚೆ ಆದೋನಿಯವರು. ಕೊನೆಯ ಆಟ ಯಾರಿಗೆ ಸಿಗುತ್ತದೆ ಎಂದು ಜಗಳ! ಏಕೆಂದರೆ ಕೊನೆಯ ಆಟದಲ್ಲಿ ಹುಲಿ ಸೋಲುತ್ತದೆ, ಸೋತು 'ಉಂಡ್ಯಾ?' ಎಂದು ಕೇಳುತ್ತದೆ. ಅದನ್ನು ನಾನು ಸೇರಿಸಿದ ವಿಶೇಷ ಎಂದು ಎಲ್ಲರೂ ತಿಳಿದರು. ಅಲ್ಲ ಸ್ವಾಮಿ, ಆಕೆ ಕೇಳುತ್ತಿದ್ದದ್ದು ನನ್ನನ್ನು. ಆಟದ ಕೆಳಗಿನ ಸಣ್ಣ ಜಾಗದಲ್ಲಿ ಒಂದೊಂದೇ ಅಕ್ಷರ ಹುಡುಕಿ ಬರೆಯುತ್ತಿದ್ದಳು — ಎರ್ರೆಪ್ಪ ಉಂಡನೋ ಇಲ್ಲವೋ ಎಂದು.

ಇಲ್ಲಿ ನಾನು ಮಾಡಿದ ಒಂದು ಕೆಲಸವನ್ನು ಹೇಳಲೇಬೇಕು. ಆಡುವವರು ಉತ್ತರ ಬರೆದರೆ ಆಕೆಗೆ ನನ್ನ ಕಳ್ಳತನ ತಿಳಿಯುತ್ತದೆ. ಹಾಗಾಗಿ ಆ ಕಡೆಯಿಂದ ಬರುವ ಮಾತು ಆಕೆಗೆ ಮುಟ್ಟದ ಹಾಗೆ ಕತ್ತರಿಸಿಬಿಟ್ಟೆ. ನಾಲ್ಕು ಸಾಲಿನ ಕೋಡ್, ಐದು ನಿಮಿಷದ ಕೆಲಸ. ಯಾಕೋ ಉತ್ತರವೇ ಬರುವುದಿಲ್ಲವಲ್ಲ ಎಂದು ಆಕೆ ಕೇಳಿದಾಗ, ಕೆಲಸದ ನಡುವೆ ಆಡುತ್ತೇನೆ ದೊಡ್ಡವ್ವ, ಬರೆಯಲು ಆಗುವುದಿಲ್ಲ ಎಂದೆ. ಆಯಿತು ಬಿಡಪ್ಪ ಎಂದಳು. ಉತ್ತರ ಬರದಿದ್ದರೂ ಮತ್ತೆ ದಿನಾ ಕೇಳಿದಳು.

ಇನ್ನೊಂದು ತಮಾಷೆ ಇದೆ — ತಮಾಷೆ ಎನ್ನಬಹುದೋ ಇಲ್ಲವೋ. ಆಟಕ್ಕೊಬ್ಬರು ಆಡಿದರೆ ಆಟಕ್ಕೊಂದು ರೀತಿ ಇರುತ್ತದಲ್ಲ? ಆಕೆ ಅದನ್ನೆಲ್ಲ ನನ್ನ ಆರೋಗ್ಯವೆಂದು ಓದುತ್ತಿದ್ದಳು. ಬೆಳಿಗ್ಗೆ ಫೋನ್ ಮಾಡಿ, "ನಿನ್ನೆ ಮೂರು ಕುರಿ ಸುಮ್ಮನ ಕೊಟ್ಯಲ್ಲೋ, ಜ್ವರ ಬಂದೈತೇನು?" ಎಂದು ಕೇಳುವಳು. ಅದು ಯಾರ ಜ್ವರವೋ! ಸ್ವಲ್ಪ ತಲೆನೋವು ಎನ್ನುತ್ತಿದ್ದೆ. ಶುಂಠಿ ಕಷಾಯ ಕುಡಿ ಎನ್ನುತ್ತಿದ್ದಳು. ನಾನು ನಕ್ಕು ಫೋನ್ ಇಡುತ್ತಿದ್ದೆ, ಕಾಲು ನೆಲದ ಮೇಲೆ ಇರುತ್ತಿರಲಿಲ್ಲ ನನಗೆ. ಆಫೀಸು ಕೌಲ್ ಬಜಾರಿನಿಂದ ಪಾರ್ವತಿನಗರದ ದೊಡ್ಡ ಮನೆಯ ಮಹಡಿಗೆ ಬಂತು. ಆರು ಜನ ಕೆಲಸಕ್ಕೆ ಸೇರಿದರು. ಬಳ್ಳಾರಿಯಲ್ಲಿ ಕೂತು ಆಟ ಮಾಡುತ್ತಾರಂತೆ ಎಂದು ಜನ ನೋಡಲು ಬರತೊಡಗಿದರು.

ಆಮೇಲೆ ಆ ದಿನ ಬಂತು. ನಮ್ಮ ಆಟವನ್ನು ದೇಶದ ತುಂಬ ಹಬ್ಬಿಸುತ್ತೇವೆ ಎಂದು ಬೆಂಗಳೂರಿನ ಒಂದು ಸಂಸ್ಥೆಯಿಂದ ಮೂವರು ಬರುವವರಿದ್ದರು. ದೊಡ್ಡ ಮಂದಿ ಬರುತ್ತಿದ್ದಾರೆ ಎಂದು ವಾರದ ಮೊದಲೇ ದೊಡ್ಡವ್ವನಿಗೂ ಕೊಚ್ಚಿಕೊಂಡಿದ್ದೆ. ಹತ್ತೂವರೆ ಆಗಿತ್ತು. ಖಾಜಾ ಹೊಸ ಅಂಗಿ ತೊಟ್ಟು, ಎಲ್ಲರಿಗೂ ತಿನ್ನಲು ಒಗ್ಗರಣೆ ಮಂಡಾಳು, ಮಿರ್ಚಿ ತರಿಸಿದ್ದ. ಬಂದವರಲ್ಲಿ ಹಿರಿಯರಾದ ಒಬ್ಬ ಮೇಡಂ ತಮ್ಮ ಫೋನ್ ತೆಗೆದು, ಹಿಂದಿನ ಸಂಜೆ ದೊಡ್ಡ ಹುಲಿ ಯಾರಿಗೋ ಕಳಿಸಿದ ಮಾತಿನ ಚಿತ್ರ ಎಲ್ಲ ಕಡೆ ಹರಿದಾಡುತ್ತಿದೆ, ನೋಡಿದಿರಾ ಎಂದರು. ದೊಡ್ಡ ಪರದೆಗೆ ಹಾಕಿ ಗಟ್ಟಿಯಾಗಿ ಓದಿದರು: "ಕಣ್ಣು ಮಂಜಾಗೇವು. ನಾಳೆ ತೋರ್ಸಾಕ ಬಳ್ಳಾರಿಗೆ ಬರ್ತೀನಿ. ಹತ್ತಕ್ಕ ಬಸ್ ಸ್ಟ್ಯಾಂಡಿಗೆ ಬಾ, ಒಬ್ಬಾಕಿನ ಅದೀನಿ."

ಕೋಣೆ ತುಂಬ ನಗೆ. ಹುಲಿಗೆ ಕಣ್ಣು ಮಂಜಂತೆ! ಖಾಜಾ ಹೊಟ್ಟೆ ಹಿಡಿದುಕೊಂಡು ನಕ್ಕ. ಮೇಡಂ ಕಣ್ಣೊರೆಸಿಕೊಳ್ಳುತ್ತ, ಇಂಥ ಮಾತು ಯಾವ ಯಂತ್ರವೂ ಆಡುವುದನ್ನು ಕಂಡಿಲ್ಲ, ಯಾರು ಬರೆಯುತ್ತಾರೆ ಇದನ್ನು ಎಂದು ಕೇಳಿದರು.

ಬಸ್ ಸ್ಟ್ಯಾಂಡ್ ನಮ್ಮ ಆಫೀಸಿನಿಂದ ಬೈಕಿನಲ್ಲಿ ಹತ್ತು ನಿಮಿಷ. ಆಕೆ ಆಗಲೇ ಅಲ್ಲಿ ನಿಂತಿದ್ದಾಳೆ. ನನಗೆ ಹೇಳಿಯಾಗಿದೆ ಎಂದು ತಿಳಿದು ನಿಂತಿದ್ದಾಳೆ. ಒಂದು ಮಾತು — 'ಐದು ನಿಮಿಷ ಬಂದೆ' ಎಂದು ಎದ್ದು ಹೋಗಬಹುದಿತ್ತು. ಒಂದು ಫೋನ್ ಮಾಡಬಹುದಿತ್ತು. ಆದರೆ ಎಲ್ಲರ ಕಣ್ಣು ನನ್ನ ಮೇಲಿತ್ತು, ಖಾಜಾನ ಮುಖ ಹಬ್ಬದ ದಿನದ ಹಾಗೆ ಬೆಳಗುತ್ತಿತ್ತು, ಮತ್ತು ನನಗೆ — ನಿಜ ಹೇಳುತ್ತೇನೆ — ನನಗೆ ಆ ಹೊಗಳಿಕೆ ಬೇಕಿತ್ತು.

"ನಾನೇ ಬರೆಯೋದು," ಎಂದೆ.

ಎರಡು ತಾಸು ಮಾತಾಡಿದೆ. ಹುಲಿಯ ಮನಸ್ಸನ್ನು ಹೇಗೆ ಕಟ್ಟಿದೆ ಎಂದು ಗೋಡೆಯ ಮೇಲೆ ಚಿತ್ರ ಬರೆದು ತೋರಿಸಿದೆ. ಎಷ್ಟು ಚೆನ್ನಾಗಿ ಮಾತಾಡಿದೆನೆಂದರೆ ನನಗೇ ನಂಬಿಕೆ ಬಂದುಬಿಟ್ಟಿತ್ತು. ಒಪ್ಪಂದ ಆಯಿತು, ಕೈ ಕುಲುಕಿದರು, ಹೋದರು. ಆಮೇಲೆ ಬೈಕ್ ಹತ್ತಿ ಓಡಿದೆ. ಸಿರುಗುಪ್ಪ ಬಸ್ಸುಗಳು ನಿಲ್ಲುವ ಕಡೆ ಒಂದೊಂದು ಬೆಂಚೂ ನೋಡಿದೆ. ಆಕೆ ಹೊರಟುಹೋಗಿದ್ದಳು. ಆಸ್ಪತ್ರೆಯಲ್ಲಿ ಯಾವ ಕಿಟಕಿಯಲ್ಲಿ ಚೀಟಿ ಮಾಡಿಸಬೇಕು, ಯಾರನ್ನು ಕೇಳಬೇಕು ಎಂಬುದು ಆಕೆಗೆ ತಿಳಿಯದು, ಅದಕ್ಕೇ ನನ್ನನ್ನು ಕರೆದದ್ದು. ಸಂಜೆ ಫೋನ್ ಮಾಡಿ, ನಿನ್ನ ಮಾತು ಈಗ ನೋಡಿದೆ ದೊಡ್ಡವ್ವ ಎಂದೆ. ದೊಡ್ಡ ಮಂದಿ ಬಂದಿದ್ದರಲ್ಲ, ಕೆಲಸದಾಗ ಇದ್ದೀಯಂತ ನಾನ ಫೋನ್ ಮಾಡಲಿಲ್ಲ ಎಂದಳು. ನನ್ನ ಪರವಾಗಿ ನೆಪವನ್ನೂ ಆಕೆಯೇ ಹುಡುಕಿ ಕೊಟ್ಟಳು. ಏಳಕ್ಕೆ ಎಂದಿನ ಹಾಗೆ ಆಟಕ್ಕೆ ಕೂತಳು.

ನಾನು ಮತ್ತೆ ಕರೆದುಕೊಂಡು ಹೋಗುತ್ತೇನೆ ಎಂದೆ. ಮುಂದಿನ ವಾರ, ಮುಂದಿನ ತಿಂಗಳು ಎಂದೆ. ಆಕೆ ನಾಟಿ ಮುಗಿಯಲಿ, ಕೊಯ್ಲು ಮುಗಿಯಲಿ ಎಂದಳು. ಕಡೆಗೆ ಮಗ ಕರೆದುಕೊಂಡು ಹೋದಾಗ, ಕಣ್ಣಿನೊಳಗೆ ಒತ್ತಡ ಹೆಚ್ಚಾಗಿದೆ, ಬಲಗಣ್ಣಿನ ನೋಟ ಬಹಳಷ್ಟು ಹೋಗಿದೆ, ಹೋದದ್ದು ಮರಳಿ ಬರುವುದಿಲ್ಲ ಎಂದರು ಡಾಕ್ಟರು. ಮೊದಲೇ ತಂದಿದ್ದರೆ — ಎಂದು ಅವರು ನಿಲ್ಲಿಸಿದರಂತೆ. ಆ ವಾಕ್ಯವನ್ನು ನಾನು ದಿನಾ ಪೂರ್ತಿ ಮಾಡಿಕೊಳ್ಳುತ್ತೇನೆ.

ಮೊದಲೇ ಹೇಳಿದ ಆ ಫೋನ್ ಆಕೆಯ ಹಿರಿಯ ಸೊಸೆ ಸಾವಿತ್ರಿಯದು. ಉಳಿದ ಕಣ್ಣಿಗೂ ಈಗ ನೋವು, ಮೂಗಿಗೆ ಫೋನ್ ಹಚ್ಚಿಕೊಂಡು ಆಡುತ್ತಾಳೆ, ಬೇಡವೆಂದರೆ ಕೇಳುವುದಿಲ್ಲ ಎಂದು ಹೇಳಿದಳು. "ನೀವಾರ ಹೇಳ್ರಿ ಅಣ್ಣ. ಎರ್ರೆಪ್ಪ ಕಾಯ್ತಿರ್ತಾನ, ನಾ ಕೂಡದಿದ್ರ ಹುಡುಗ ಬೇಜಾರ ಮಾಡ್ಕೊಂತಾನ ಅಂತಾಳ."

ನಾನು ಕಾಯುತ್ತಿರಲಿಲ್ಲ. ಒಂದು ದಿನವೂ ಕಾದಿರಲಿಲ್ಲ.

ಮರುದಿನ ಖಾಜಾನನ್ನು ಎದುರಿಗೆ ಕೂರಿಸಿಕೊಂಡು ಎಲ್ಲ ಹೇಳಿದೆ. ಬೈಯುತ್ತಾನೆ, ಹೊಡೆಯುತ್ತಾನೆ ಎಂದುಕೊಂಡಿದ್ದೆ. ಗೋಡೆಯ ಮೇಲೆ ತಾನೇ ಬರೆದ ನರೆತ ಮೀಸೆಯ ಹುಲಿಯ ಕಡೆ ತಿರುಗಿದ. ಅವತ್ತು ನಾನೂ ನಕ್ಕೆನಲ್ಲ ಎಂದ, ಅಷ್ಟೇ. ಕಂಪನಿ ಉಳಿಯುತ್ತದೋ ಇಲ್ಲವೋ ಎಂದು ನಾನು ಶುರುಮಾಡಿದ್ದಕ್ಕೆ ಕೈಯೆತ್ತಿ ತಡೆದ. "ಮೊದ್ಲು ಆಕಿಗೆ ಹೇಳು. ಕಂಪನಿದು ಆಮ್ಯಾಲ ನೋಡೋಣ."

ಮುಚ್ಚಿಟ್ಟಿದ್ದ ಉತ್ತರಗಳನ್ನೆಲ್ಲ ಕಂಪ್ಯೂಟರಿನಿಂದ ತೆಗೆದೆ. ಆಕೆಗೆ ಮುಟ್ಟಿಸದಿದ್ದರೂ ಅವು ಅಲ್ಲೇ ಇದ್ದವು. ದೇಶನೂರಿಗೆ ಹೋದೆ. ದೊಡ್ಡವ್ವ ಪಡಸಾಲೆಯಲ್ಲಿ ಮೊರದ ತುಂಬ ಅಕ್ಕಿ ಹಾಕಿಕೊಂಡು ಬೆರಳಿನಿಂದಲೇ ಕಲ್ಲು ಹುಡುಕುತ್ತಿದ್ದಳು. ಹೇಳಿದೆ. ಬಸ್ ಸ್ಟ್ಯಾಂಡಿನದೂ ಹೇಳಿದೆ, 'ನಾನೇ ಬರೆಯೋದು' ಎಂದದ್ದೂ ಹೇಳಿದೆ. ಆಕೆಯ ಬೆರಳು ನಿಂತಿತು. ಹಾಗಾದರೆ ಆಡಿದವರು ಯಾರು ಎಂದು ಕೇಳಿದಳು. ಎಲ್ಲೆಲ್ಲಿಯವರೋ ಎಂದೆ. 'ಉಂಡ್ಯಾ?' ಎಂದು ತಾನು ಕೇಳಿದ್ದು ಅವರಿಗೆ ಮುಟ್ಟುತ್ತಿತ್ತೇ, ಏನೆನ್ನುತ್ತಿದ್ದರು ಎಂದಳು.

ಓದತೊಡಗಿದೆ. ಒಬ್ಬರು, ಉಂಡೆ, ನಿಮ್ಮದಾಯಿತೇ ಎಂದು ಬರೆದಿದ್ದರು. ಹಾಸ್ಟೆಲಿನ ಸಾರು ನೀರು ನೀರು ಎಂದು ಒಬ್ಬಳು. ಪಾಳಿ ಮುಗಿದಿಲ್ಲ, ಹತ್ತಕ್ಕೆ ಉಣ್ಣುತ್ತೇನೆ ಎಂದು ಒಬ್ಬರು. ಇವತ್ತು ಯಾರೂ ಕೇಳಿರಲಿಲ್ಲ, ನೀನು ಯಂತ್ರವಾದರೂ ಕೇಳಿದೆ ಎಂದು ಇನ್ನೊಬ್ಬರು. ಓದುತ್ತ ಹೋದೆ, ಸಾವಿತ್ರಿ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು. ದೊಡ್ಡವ್ವ ನಡುನಡುವೆ ಹೂಂಗುಟ್ಟಿದಳು. ಹಾಸ್ಟೆಲಿನ ಹುಡುಗಿಯದನ್ನು ಮತ್ತೊಮ್ಮೆ ಓದಿಸಿದಳು. ಮುಗಿದ ಮೇಲೆ ನನ್ನ ಕಡೆ ತಿರುಗಿದಳು — ನಾನು ಕೂತ ಜಾಗಕ್ಕಿಂತ ತುಸು ಪಕ್ಕಕ್ಕೆ.

"ಗುರುತಿಲ್ಲದ ಮಂದಿ ಉತ್ತರ ಕೊಟ್ಟಾರ," ಎಂದಳು. "ನೀ ಒಬ್ಬನ ಕೊಟ್ಟಿಲ್ಲ ನೋಡು."

ಸಿಟ್ಟಿನಿಂದ ಹೇಳಲಿಲ್ಲ. ಹೇಳಿ, ಮೊರ ಎತ್ತಿಕೊಂಡು ಒಳಗೆ ಹೋದಳು. ಅವತ್ತು ನನ್ನನ್ನು ಊಟಕ್ಕೆ ಏಳು ಎನ್ನಲಿಲ್ಲ. ಆ ಮನೆಯಲ್ಲಿ ಅದು ಮೊದಲ ಸಲ. ಬಸ್ಸಿನವರೆಗೂ ನಡೆದು ಬಂದೆ.

ದೊಡ್ಡ ಹುಲಿಯ ಸಂಜೆಯ ತಾಸನ್ನು ಅವತ್ತಿನಿಂದಲೇ ನಿಲ್ಲಿಸಿದ್ದೇವೆ. ಬೆಂಗಳೂರಿನವರಿಗೆ ನಿಜ ಬರೆದು ಕಳಿಸಿದ್ದೇನೆ, ಅವರ ಉತ್ತರ ಏನೇ ಬರಲಿ. ದೊಡ್ಡವ್ವನನ್ನು ಪ್ರತಿ ತಿಂಗಳು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗುವ ಕೆಲಸ ನನಗೆ ಬಿಡು ಎಂದು ಸಾವಿತ್ರಿಯನ್ನು ಕೇಳಿದ್ದೇನೆ. ಅವಳು, ಅತ್ತಿನ್ನ ಕೇಳಿ ಹೇಳ್ತೀನಿ ಎಂದಿದ್ದಾಳೆ. ಎರಡು ದಿನವಾಯಿತು, ಇನ್ನೂ ಹೇಳಿಲ್ಲ.